ಮೇಲಕ್ಕೆ ಹೋಗುವ ತೂಕ

ಜೇನುಹುಳುವಿಗೆ ಹೂವಿನ ದಾರಿಯನ್ನು ಯಾರೂ ತೋರಿಸಬೇಕಾಗಿಲ್ಲ. ತೋರಿಸುವವನು ಮೇಲೊಬ್ಬನಿದ್ದಾನೆ. ಆದರೆ ಕಣಿವೆಯ ಹೂವೆಲ್ಲ ಉದುರಿ, ಮುಂದಿನ ಹೂವು ಗುಡ್ಡದ ನೆತ್ತಿಯಲ್ಲಿ ಅರಳಿತೆನ್ನಿ. ಅಷ್ಟು ಎತ್ತರಕ್ಕೆ ಸಂಸಾರ ಕಟ್ಟಿಕೊಂಡು ಹೋಗುವುದು ಹುಳುವಿನಿಂದಾಗದು. ಅಲ್ಲಿ ಮನುಷ್ಯನ ಕೈ ಬೇಕು. ಅತ್ತೆ ಇಪ್ಪತ್ತಾರು ವರ್ಷ ಆ ಕೈಯಾಗಿದ್ದರು.

ನೆತ್ತಿಯ ಹೂವು ನಿಲ್ಲುವುದು ಇಪ್ಪತ್ತು ದಿನ. ಆ ದಿನಗಳಲ್ಲಿ ಕೂಡಿಟ್ಟ ಜೇನುತುಪ್ಪವೇ ಹುಳುಗಳಿಗೆ ಚಳಿಗಾಲದ ಊಟ, ಮಿಕ್ಕಿದ್ದು ಮನೆಗೆ. ಹಿಂದೆಲ್ಲ ಲಾರಿ ನೇರ ಮೇಲಕ್ಕೇ ಹೋಗುತ್ತಿತ್ತು. ಗುಡ್ಡ ಜರಿದು ರಸ್ತೆ ಕೊಚ್ಚಿಹೋದ ಮೇಲೆ, ಕಳೆದ ವರ್ಷ ಬಾಡಿಗೆ ಟ್ರ್ಯಾಕ್ಟರಿನಲ್ಲಿ ಜೇನುಪೆಟ್ಟಿಗೆಗಳನ್ನು ಏರಿಸಿದರು. ಮೇಲೆ ಹೋಗಿ ಮುಚ್ಚಳ ತೆಗೆದರೆ, ಇಪ್ಪತ್ತೈದರಲ್ಲಿ ಒಂಬತ್ತು ಪೆಟ್ಟಿಗೆಯ ಎರಿಗಳು ಕುಲುಕಾಟಕ್ಕೆ ಮುರಿದು ಬಿದ್ದಿದ್ದವು. ಹುಳುಗಳು ಹನಿಹನಿ ಮೇಣ ಕೂಡಿಸಿ ಕಟ್ಟಿದ ಗೂಡು ಅದು. ಅದರ ಅಡಿಯಲ್ಲಿ ರಾಣಿಗಳು ಅಪ್ಪಚ್ಚಿಯಾಗಿದ್ದವು. ಅತ್ತೆ ಆ ಒಂಬತ್ತರ ಮುಂದೆ ಮಧ್ಯಾಹ್ನದವರೆಗೆ ಕೂತಿದ್ದರು. ಎದ್ದಾಗ ಒಂದೇ ಮಾತು ಹೇಳಿದರು: "ಬರೋ ವರ್ಷವೂ ಹೀಗೇ ಆದ್ರೆ, ಉಳಿದಿದ್ದನ್ನ ಕೇಳಿದವರಿಗೆ ಕೊಟ್ಟುಬಿಡ್ತೀನಿ. ಸಾಯಿಸೋದಕ್ಕೆ ಸಾಕೋದಾ?"

ಅತ್ತೆಯ ಮಾತು ಆಡಿದರೆ ಆಡಿದ್ದೇ. ಅದಕ್ಕೇ ಅವರ ಅಳಿಯ ಹಳೆಯ ಜೀಪನ್ನು ತಂದು ಷೆಡ್ಡಿನಲ್ಲಿ ನಿಲ್ಲಿಸಿದ.

ಅವನನ್ನು ಊರೆಲ್ಲ ಅಳಿಯ ಎಂದೇ ಕರೆಯುತ್ತಿತ್ತು. ಆರು ವರ್ಷದ ಹಿಂದೆ ಮದುವೆಯಾಗಿ ಹೆಂಡತಿಯ ಊರಿಗೇ ಬಂದು ಗ್ಯಾರೇಜು ಹಾಕಿದವನು. ಜೀಪಿಗೆ ಅವನಿಗಿಂತ ನಾಲ್ಕು ವರ್ಷ ಹೆಚ್ಚು ವಯಸ್ಸು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ಗಾಡಿ, ಆದರೆ ಮುಂದಿನ ಎರಡು ಚಕ್ರ ಆ ವಿಷಯವನ್ನು ಎಂದೋ ಮರೆತಿದ್ದವು. ಅಳಿಯ ಯಾವ ಗಾಡಿಗೂ ಬಂದ ದಿನವೇ ಕೈ ಹಾಕುವವನಲ್ಲ. ಕೈ ತೊಳೆದುಕೊಂಡು, ಸ್ಟೂಲು ಎಳೆದುಕೊಂಡು, ಅದರ ಮುಂದೆ ಒಂದು ಗಳಿಗೆ ಸುಮ್ಮನೆ ಕೂರುತ್ತಾನೆ.

"ಜೀಪನ್ನ ಮಾತಾಡಿಸ್ತಾ ಇದ್ದೀರೋ, ಜಪ ಮಾಡ್ತಾ ಇದ್ದೀರೋ, ಅಳಿಯಂದ್ರೇ?" ಬಾಗಿಲಲ್ಲಿ ನಿಂತು ಅತ್ತೆ ಕೇಳಿದರು. ಚುಚ್ಚುವಾಗ ಮಾತ್ರ ಅವರು ಅಳಿಯನಿಗೆ ಬಹುವಚನ ಕೊಡುತ್ತಿದ್ದರು.

"ಎರಡೂ ಒಂದೇ ಅತ್ತೆ. ಮೊದಲು ಕೇಳ್ಬೇಕು, ಆಮೇಲೆ ಬಿಚ್ಚಬೇಕು."

"ನನ್ನ ಮಗಳ ಮಾತನ್ನೂ ಹೀಗೇ ಕೂತು ಕೇಳಿದ್ರೆ ಮನೇಲಿ ಪಾತ್ರೆ ಸದ್ದು ಕಡಿಮೆ ಆಗ್ತಿತ್ತು."

ಒಳಗಿನಿಂದ ಮಗಳು, "ಅಮ್ಮಾ, ನನ್ನ ಪಾತ್ರೆ ಸುದ್ದಿಗೆ ಬರಬೇಡ," ಎಂದಳು.

ಒಂದೂವರೆ ತಿಂಗಳು ಕೆಲಸ ನಡೆಯಿತು. ಮುಂದಿನ ಆಕ್ಸಲ್ ಬಿಚ್ಚಿ, ಸವೆದ ಹಲ್ಲುಚಕ್ರ ತೆಗೆದು ಹೊಸದು ಕೂರಿಸಿದ. ಆಳವಾದ ಕಚ್ಚುಗಳಿರುವ ಎತ್ತರದ ಟೈರು ಹಾಕಿದ. ಒಂದು ಚಕ್ರ ಗಾಳಿಯಲ್ಲಿ ತಿರುಗಿದರೂ ಜೊತೆಯದು ನೆಲ ಹಿಡಿಯುವಂತೆ ಹಿಂದಿನ ಆಕ್ಸಲ್ಲಿಗೆ ಲಾಕು ಕೊಟ್ಟ. ಹೊಟ್ಟೆಯಡಿ ಬಂಡೆ ತಾಗದಂತೆ ದಪ್ಪ ಉಕ್ಕಿನ ತಗಡು ಬಿಗಿದ. ಕೊನೆಗೆ ಹಿಂದಿನ ಕಮಾನು ಪಟ್ಟಿಗಳು. ಒಂದರ ಮೇಲೊಂದು ಜೋಡಿಸಿ ಗಾಡಿಯ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳವು. ಒಂದೊಂದು ಕಡೆ ಆರಿದ್ದದ್ದನ್ನು ಒಂಬತ್ತು ಮಾಡಿದ. ಗಾಡಿ ಹಿಂದಿನಿಂದ ಎರಡು ಬೆರಳು ಎದ್ದು ನಿಂತಿತು.

ಹದಿನಾರು ಪೆಟ್ಟಿಗೆಯ ತೂಕಕ್ಕೆ ಸರಿಯಾಗಿ ನಾನೂರು ಕಿಲೋ ಮರಳು ಚೀಲ ಹೇರಿ, ಬಿಟ್ಟುಹೋದ ಕಲ್ಲುಗಣಿಯ ಏರಿನಲ್ಲಿ ಓಡಿಸಿ ನೋಡಿದ. ಜೀಪು ಮೇಕೆಯಂತೆ ಹತ್ತಿತು. ಮರಳು ಚೀಲ ಇದ್ದಲ್ಲಿಂದ ಅಲುಗಲಿಲ್ಲ. ಮನೆಗೆ ಬಂದು, "ಮುಗೀತು ಅತ್ತೆ. ನಾಡಿದ್ದು ಬೆಳಿಗ್ಗೆ ಹೊರಡೋಣ," ಎಂದ. ಅವನ ದನಿಯಲ್ಲಿ ಜಂಬವಿರಲಿಲ್ಲ, ಕೆಲಸ ಬಲ್ಲವನ ನೆಮ್ಮದಿಯಿತ್ತು.

"ಹೊರಡೋಣ. ಆದ್ರೆ ನನ್ನ ಮಕ್ಕಳು ಕೂರೋ ಜಾಗದಲ್ಲಿ ಮೊದಲು ನಾನು ಕೂರ್ತೀನಿ," ಎಂದರು ಅತ್ತೆ.

ಮರುದಿನ ಮರಳನ್ನೆಲ್ಲ ಇಳಿಸಿದ ಜೀಪಿನ ಹಿಂಭಾಗದಲ್ಲಿ ಒಂದು ಖಾಲಿ ಪೆಟ್ಟಿಗೆ ಬೋರಲು ಹಾಕಿ, ಅದರ ಮೇಲೆ ಅತ್ತೆ ಕೂತರು. ತೊಡೆಯ ಮೇಲೆ ಮರದ ಚೌಕಟ್ಟು, ಅದರಲ್ಲಿ ಹುಳುಗಳಿಲ್ಲದ ಒಂದು ಎರಿ. ಗಣಿಯ ಮೊದಲ ತಿರುವೂ ದಾಟಿರಲಿಲ್ಲ, ಎರಿ ಮಧ್ಯಕ್ಕೆ ಸೀಳಿ ಅವರ ಮಡಿಲಿಗೆ ಬಿತ್ತು.

ಅಳಿಯ ಗಾಡಿ ನಿಲ್ಲಿಸಿ ಹಿಂದೆ ಬಂದ. ಅತ್ತೆ ಮೇಣದ ಚೂರುಗಳನ್ನು ಒಂದೊಂದಾಗಿ ಆಯುತ್ತಿದ್ದರು. ಬೈಯಲಿಲ್ಲ. ಅವನಿಗೆ ಅದೇ ಹೆದರಿಕೆ ತಂದಿತು.

"ಗಾಡಿ ಖಾಲಿ ಇದೆ ಅತ್ತೆ, ಅದಕ್ಕೇ ಎತ್ತಿ ಹಾಕುತ್ತೆ. ನಾನೂರು ಕಿಲೋ ಕೂತ್ಕೊಂಡ್ರೆ ಪಟ್ಟಿ ಬಾಗುತ್ತೆ, ತೊಟ್ಟಿಲ ಥರ ಹೋಗುತ್ತೆ."

"ಯಾವ ನಾನೂರು ಕಿಲೋ?"

"ಪೆಟ್ಟಿಗೆಗೆ ಇಪ್ಪತ್ತೈದು. ಆರು ವರ್ಷದಿಂದ ನಾನೇ ಇಳಿಸ್ತಾ ಇದ್ದೀನಲ್ಲ, ನನಗೆ ಗೊತ್ತಿಲ್ವಾ? ಸೊಂಟ ಹೇಳುತ್ತೆ."

ಅತ್ತೆ ಚೂರುಗಳನ್ನು ಸೆರಗಿಗೆ ಕಟ್ಟಿಕೊಂಡರು. ಆಮೇಲೆ, "ಮನೆಗೆ ನಡಿ," ಎಂದರು.

ಹಿತ್ತಲಲ್ಲಿ ಹದಿನಾರು ಪೆಟ್ಟಿಗೆಗಳು ಸಾಲಾಗಿದ್ದವು. ಅತ್ತೆ ಒಂದನ್ನು ತೋರಿಸಿ, "ಎತ್ತು," ಎಂದರು. ಅಳಿಯ ಇಪ್ಪತ್ತೈದು ಕಿಲೋಗೆ ಬೇಕಾದಷ್ಟು ಬಲ ಕೂಡಿಸಿ ಎತ್ತಿದ. ಪೆಟ್ಟಿಗೆ ಎದೆಯವರೆಗೆ ಹಾರಿ ಬಂತು. ಹತ್ತು ಕಿಲೋ ಇದ್ದರೆ ಹೆಚ್ಚು.

ಆರು ವರ್ಷವೂ ಅವನು ಪೆಟ್ಟಿಗೆ ಮುಟ್ಟಿದ್ದು ಗುಡ್ಡದಿಂದ ಇಳಿದು ಬಂದಾಗಲೇ. ಏರಿಸುವ ದಿನ ಷೆಡ್ಡಿನಲ್ಲಿ ಯಾರದೋ ಗಾಡಿಯಡಿ ಮಲಗಿರುತ್ತಿದ್ದ.

"ತುಪ್ಪ ಇನ್ನೂ ಮೇಲೆ ಹೂವಿನಲ್ಲಿದೆಯಪ್ಪ," ಅತ್ತೆ ಮೆಲ್ಲಗೆ ಹೇಳಿದರು. "ಕೊಡೋವನು ಕೊಡೋಕೆ ಮೊದಲೇ ನೀನು ತೂಕ ಹಾಕಿಬಿಟ್ಟೆ."

ಅಳಿಯ ಪೆಟ್ಟಿಗೆಯನ್ನು ನಿಧಾನವಾಗಿ ಇಳಿಸಿದ. "ಹೌದು ಅತ್ತೆ, ನಾನು ಬರೋ ಗಾಡಿ ಮಾಡಿದ್ದೀನಿ. ಹೋಗೋ ಗಾಡಿ ಮಾಡಿಲ್ಲ." ಷೆಡ್ಡಿನ ಕಡೆ ತಿರುಗಿ, "ಸಂಜೆ ಒಳಗೆ ಮಾಡ್ತೀನಿ," ಎಂದ.

ಈ ಸಲ ಅವನು ಜೀಪಿನ ಮುಂದೆ ಕೂರಲಿಲ್ಲ. ಕೇಳಬೇಕಾದದ್ದನ್ನು ಕೇಳಿ ಆಗಿತ್ತು. ಹಿಂದೆ ಜಾಕ್ ಕೊಟ್ಟು ಎತ್ತಿ, ಒಂದೊಂದು ಕಡೆಯಿಂದ ನಾಲ್ಕು ಪಟ್ಟಿ ಹೊರತೆಗೆದ. ಗಾಡಿ ಮೂರು ಬೆರಳು ತಗ್ಗಿತು. ಎತ್ತರದ ಟೈರು ಆ ಕೊರತೆಯನ್ನು ತುಂಬಿತು. ಟೈರಿನ ಗಾಳಿಯನ್ನು ಅರ್ಧಕ್ಕಿಳಿಸಿದ. ಚಕ್ರ ಈಗ ಕಲ್ಲನ್ನು ಒದೆಯುವ ಬದಲು ಹೊಟ್ಟೆಯೊಳಗೆ ಎಳೆದುಕೊಂಡು ದಾಟುತ್ತಿತ್ತು. ತೆಗೆದ ಎಂಟು ಪಟ್ಟಿಗಳಿಗೆ ಸುಣ್ಣದಿಂದ ಎಡ ಬಲ ಗುರುತು ಬರೆದು, ಗೋಣಿ ಸುತ್ತಿ, ಗಾಡಿಯ ನೆಲಕ್ಕೇ ಬಿಗಿದ.

"ಇದನ್ನ್ಯಾಕೆ ಹೊರೋದು?" ಮಗಳು ಕೇಳಿದಳು.

"ಇಪ್ಪತ್ತು ದಿನ ಕಳೆದ ಮೇಲೆ ತುಪ್ಪ ತುಂಬಿ ಭಾರ ಆಗುತ್ತಲ್ಲ, ಆಗ ಅಲ್ಲೇ ಮತ್ತೆ ಹಾಕ್ತೀನಿ."

ಅತ್ತೆ ಇನ್ನೊಂದು ಎರಿ ಹಿಡಿದು ಹತ್ತಿದರು. ಗಣಿಯ ಮೂರೂ ತಿರುವು ದಾಟಿ, ಏರಿನ ತುದಿಗೆ ಹೋಗಿ, ಹಿಂತಿರುಗಿ ಬಂದರು. ಇಳಿದಾಗ ಎರಿಯನ್ನು ಅಳಿಯನ ಕೈಗೆ ಕೊಟ್ಟರು, ಅಷ್ಟೆ. ಅದು ಇಡಿಯಾಗಿತ್ತು.

ಕತ್ತಲು ಕವಿಯುವ ಹೊತ್ತಿಗೆ ಹುಳುಗಳೆಲ್ಲ ಮನೆ ಸೇರಿದ್ದವು. ಅತ್ತೆ ಪೆಟ್ಟಿಗೆಗಳ ಬಾಯಿಗೆ ಜಾಲರಿ ಹಾಕಿದರು. ಬೆಳ್ಳಂಬೆಳಿಗ್ಗೆ ಹದಿನಾರನ್ನೂ ಎರಡು ಸಾಲಾಗಿ ಹೇರಿ, ಹಗ್ಗ ಬಿಗಿದು, ನಡುವಿನ ಸಂದಿಯಲ್ಲಿ ತಾವೇ ಕೂತರು. ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಂಡರು. ಆಮೇಲೆ, "ನಡಿಯಪ್ಪ. ನೀನು ದಾರಿ ನೋಡು. ನಾನು ಇವರ ಸದ್ದು ನೋಡ್ತೀನಿ," ಎಂದರು.

ಹುಳುಗಳ ಸದ್ದೇ ಅಳಿಯನಿಗೆ ಗೇರಾಯಿತು. ಝೇಂಕಾರ ಸಮವಾಗಿದ್ದರೆ ಅತ್ತೆ ಸುಮ್ಮನಿರುತ್ತಿದ್ದರು. ಅದು ಚುರುಕಾಗಿ ಮೇಲೇರಿದರೆ, "ನಿಧಾನ," ಎನ್ನುತ್ತಿದ್ದರು. ಅವನು ಒಂದನೇ ಗೇರಿನಲ್ಲಿ, ನಡೆಯುವವನಿಗಿಂತ ಮೆಲ್ಲಗೆ ಹತ್ತಿಸಿದ. ಹಳ್ಳದ ನೀರು ಬಾಗಿಲಿನ ಅಂಚಿಗೆ ಬಂದು ತಿರುಗಿ ಹೋಯಿತು. ಜರಿದ ಜಾಗದಲ್ಲಿ ರಸ್ತೆಯೇ ಇರಲಿಲ್ಲ. ಮೆಟ್ಟಿಲು ಮೆಟ್ಟಿಲಾದ ಬಂಡೆ. ಮೂರನೆಯ ಮೆಟ್ಟಿಲಲ್ಲಿ ಹಿಂದಿನ ಎಡ ಚಕ್ರ ಗಾಳಿಗೆ ಎದ್ದು ಸುಮ್ಮನೆ ತಿರುಗತೊಡಗಿತು. ಪೆಟ್ಟಿಗೆಗಳು ಒಂದು ಬದಿಗೆ ವಾಲಿದವು. ಝೇಂಕಾರ ಒಮ್ಮೆಲೇ ಏರಿತು.

"ಅಳಿಯ..."

"ಗೊತ್ತು ಅತ್ತೆ. ಅವಕ್ಕೆ ಒಂದು ನಿಮಿಷ ತಾಳೋಕೆ ಹೇಳಿ."

"ನಾನು ಹೇಳಿದ್ರೆ ಕೇಳ್ತಾರೆ. ನಿನ್ನ ಗಾಡಿಗೆ ನೀನು ಹೇಳು."

ಅವನು ಬ್ರೇಕಿನ ಮೇಲೆ ನಿಂತು ಲಾಕು ಹಾಕಿದ. ಹಿಂದೆಲ್ಲೋ ಉಕ್ಕು ಉಕ್ಕಿಗೆ ಕೂತ ಸದ್ದಾಯಿತು. ಕಾಲು ಸಡಿಲಿಸಿದ. ನೆಲದಲ್ಲಿದ್ದ ಬಲ ಚಕ್ರ ಬಂಡೆಯನ್ನು ಕಚ್ಚಿತು. ಎದ್ದಿದ್ದದ್ದು ಹತ್ತಿಯ ಮೇಲೆ ಇಳಿದಂತೆ ಕೆಳಗಿಳಿಯಿತು. ಜೀಪು ಮೇಲಿನ ಮೆಟ್ಟಿಲಿಗೆ ಬಂದು ನಿಂತಿತು. ಅತ್ತೆ ಎರಡೂ ಕೈಯಿಂದ ಪೆಟ್ಟಿಗೆಗಳನ್ನು ಅಪ್ಪಿ ಹಿಡಿದಿದ್ದರು. ಸದ್ದು ನಿಧಾನವಾಗಿ ಹಿಂದಿನ ಶ್ರುತಿಗೆ ಇಳಿಯಿತು.

ನೆತ್ತಿಗೆ ಬಂದಾಗ ಬಿಸಿಲು ಹೂವಿನ ಮೇಲೆ ಆಗಷ್ಟೇ ಬಿದ್ದಿತ್ತು. ಇಡೀ ಇಳಿಜಾರು ನೇರಳೆ ಬಣ್ಣ. ಪೆಟ್ಟಿಗೆಗಳನ್ನು ಕಲ್ಲುಗಳ ಮೇಲೆ ಕೂರಿಸಿ, ಅತ್ತೆ ಒಂದೊಂದೇ ಮುಚ್ಚಳ ಎತ್ತಿದರು. ಅಳಿಯ ದೂರ ನಿಂತು ಅವರ ಬೆನ್ನನ್ನು ಮಾತ್ರ ನೋಡುತ್ತಿದ್ದ. ಒಂದು. ಎರಡು. ಏಳನೆಯದರಲ್ಲಿ ಅವರ ಕೈ ತಡೆಯಿತು. ಚೌಕಟ್ಟು ಎತ್ತಿ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಎರಿಯ ಮೂಲೆಯೊಂದು ಬಿರುಕು ಬಿಟ್ಟಿತ್ತು. ಅದರ ಮೇಲೆಯೇ ರಾಣಿ ಗಂಭೀರವಾಗಿ ನಡೆದು ಹೋಗುತ್ತಿತ್ತು; ಮೇಣ ಬೆಸೆಯುವ ಹುಳುಗಳು ಆಗಲೇ ಬಿರುಕಿನ ಬಾಯಿಗೆ ಸೇರಿದ್ದವು. ಅತ್ತೆ ಚೌಕಟ್ಟನ್ನು ಇಳಿಸಿ ಮುಂದಿನದಕ್ಕೆ ಹೋದರು.

ಹದಿನಾರನೆಯದರ ಮುಚ್ಚಳ ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡು, ಜಾಲರಿಗಳನ್ನು ತೆಗೆಯತೊಡಗಿದರು. ಹುಳುಗಳು ಹೊರಬಂದವು. ಹೂವಿಗೆ ಹಾರಲಿಲ್ಲ. ತಮ್ಮ ತಮ್ಮ ಬಾಗಿಲಿಗೆ ಮುಖ ಮಾಡಿ, ಎಡಕ್ಕೆ ಬಲಕ್ಕೆ ತೂಗುತ್ತ ಗಾಳಿಯಲ್ಲೇ ನಿಂತವು.

"ಏನಾಯ್ತತ್ತೆ? ಹೋಗ್ತಾ ಇಲ್ವಲ್ಲ?"

"ಸದ್ದು ಮಾಡಬೇಡ. ಹೊಸ ಜಾಗ ಅಲ್ವಾ, ತಿರುಗಿ ಬರೋದಕ್ಕೆ ಮನೆ ಗುರುತು ಹಾಕ್ಕೊಳ್ತಿದ್ದಾರೆ."

ಇಬ್ಬರೂ ಕಲ್ಲಿನ ಮೇಲೆ ಕೂತು ನೋಡಿದರು. ತೂಗಾಟದ ಸುತ್ತು ಅಗಲವಾಗುತ್ತ ಹೋಗಿ, ಒಂದು ಹುಳು ತಟ್ಟನೆ ಇಳಿಜಾರಿನ ಕಡೆ ಹೊರಳಿತು. ಅದರ ಹಿಂದೆ ಹತ್ತು, ಅವುಗಳ ಹಿಂದೆ ಲೆಕ್ಕವಿಲ್ಲದಷ್ಟು.

"ಮುಂದಿನ ವಾರ ಬರುವಾಗ ಖಾಲಿ ಪೆಟ್ಟಿಗೆ ಹಾಕ್ಕೊಂಡು ಬಾ," ಅತ್ತೆ ಹೇಳಿದರು. "ಆ ಕೊನೇ ಸಾಲಿನವರು ಬಲವಾಗಿದ್ದಾರೆ. ಪಾಲು ಮಾಡಿ ಬೇರೆ ಸಂಸಾರ ಹೂಡಿಸ್ಬೇಕು."

"ಎಷ್ಟು ತರ್ಲಿ?"

ಅತ್ತೆ ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದರು.

"ನಾಲ್ಕು ತಾ," ಎಂದರು. ಇನ್ನೊಮ್ಮೆ ನೋಡಿ, "ಬೇಡ, ಐದು ತಾ."