ರಕಿಯಾಳ ತೋಳಿನ ಪಟ್ಟಿ

ಕೂಸು ಹುಟ್ಟುವ ಮುಂಚೆ ಕೂಗಾಟ ಎಂಬುದು ಗಾದೆ. ಅದು ಕುಲಾವಿ ಎನ್ನುವವರು ನಮ್ಮೂರ ಶೈಬುವನ್ನು ಕಂಡವರಲ್ಲ. ಊರ ಮೇಷ್ಟ್ರಾದ ನಾನು ಕಂಡಿದ್ದೇನೆ. ಕಥೆ ನಿಜ, ಒಗ್ಗರಣೆಯಷ್ಟೇ ನನ್ನದು.

ನೈಜರಿನ ನಮ್ಮೂರಲ್ಲಿ ‘ಗಂಡಂದಿರ ಶಾಲೆ’ ಇದೆ. ಬೇವಿನ ಮರದಡಿ ಹನ್ನೆರಡು ಗಂಡಂದಿರು ಕೂತು ಬಸಿರು, ಬಾಣಂತನ ಕಲಿಯುವ ಶಾಲೆ. ಅಂದು ನರ್ಸಮ್ಮ ದೇಲು ರಬ್ಬರಿನ ತೋಳೊಂದನ್ನು ಕೈಯಿಂದ ಕೈಗೆ ದಾಟಿಸಿದಳು. ಒತ್ತಿದರೆ ಒಳಗೆ ಬೆಂಕಿಕಡ್ಡಿಯಂಥ ಎರಡು ಕಡ್ಡಿ, ಹೆಂಗಸರ ತೋಳಿನ ಚರ್ಮದಡಿ ಇಟ್ಟು ಬಸಿರು ತಡೆಯುವಂಥವು. ಅವಳ ಮೂಗುದನಿಯ ಮಾತು ನನಗೆ ಬಾಯಿಪಾಠ: “ಔಷಧಿ ಚೂರುಚೂರೇ ಇಳಿಯುತ್ತೆ. ಅಂಡ ಹೊರಗೆ ಬರಲ್ಲ, ಗರ್ಭದ ಬಾಯಲ್ಲಿ ಲೋಳೆ ಗಟ್ಟಿಯಾಗುತ್ತೆ. ಐದು ವರ್ಷ ನಿಶ್ಚಿಂತೆ. ಮಗು ಬೇಕಾ? ತೆಗೆಸಿಬಿಡಿ. ಇದು ಬೀಗ ಅಲ್ರಪ್ಪಾ, ಚಿಲಕ!”

ಶೈಬು ಒತ್ತಿ ಒತ್ತಿ ನೋಡಿ, “ಯೋಚನೆ ಮಾಡ್ತೀನಿ” ಎಂದ. ನಾಲ್ಕು ಸಭೆಗಳಿಂದ ಅದೇ ಮಾತು. ಅವನ ಹೆಂಡತಿ ರಕಿಯಾ ಐದನೇ ಹೆರಿಗೆಯಲ್ಲಿ ರಕ್ತ ಹೋಗಿ ಸತ್ತು ಬದುಕಿದವಳು. ಬೇಗನೆ ಇನ್ನೊಂದಾದರೆ ಉಳಿಯುವುದು ಕಷ್ಟ ಎಂದಿದ್ದಳು ದೇಲು. “ನೀನು ಒಪ್ಪಿದರೆ ಸಾಕು, ಬಾ” ಎಂದರೂ ರಕಿಯಾ, “ಕದ್ದು ಹಾಕಿಸ್ಕೊಳ್ಳಲ್ಲ ಅಕ್ಕಾ, ಅವನ ಬಾಯಲ್ಲೇ ಹೂಂ ಅನ್ನಿಸ್ತೀನಿ” ಎಂದಿದ್ದಳಂತೆ.

ಮರುದಿನ ಬೆಳಿಗ್ಗೆ ಶೈಬುವಿನ ಅಂಗಳದಿಂದ ಚೀತ್ಕಾರ. ಸಜ್ಜೆಗಂಜಿ ಬಿಟ್ಟು ಓಡಿದೆ.

“ಮೇಷ್ಟ್ರೇ! ಹಾಕಿಸ್ಕೊಂಡ್ಬಿಟ್ಟಿದ್ದಾಳೆ! ಒತ್ತಿ ನೋಡ್ದೆ, ಎರಡು! ಎರಡೂ ಇವೆ!” ಅವನ ಮುಖ ಬೂದಿಯಾಗಿತ್ತು. ರಕಿಯಾಳ ತೋಳಿನಲ್ಲಿ ಬಿಳಿಯ ಪಟ್ಟಿ.

“ನನ್ನನ್ನ ಒಂದು ಮಾತು ಕೇಳೋದಲ್ವೇನೇ?”

“ನಾಲ್ಕು ಸಲ ಕೇಳ್ದೆ. ಯೋಚನೆ ಮಾಡ್ತಿದ್ದೆ ನೀನು.”

“ನಡಿ! ಈಗಲೇ ತೆಗೆಸ್ತೀನಿ!”

ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ಆಸ್ಪತ್ರೆಗೆ ಅವನು ಮುಂದೆ, ಬೆನ್ನಿಗೆ ಕೂಸು ಕಟ್ಟಿಕೊಂಡು ಅವಳು ಹಿಂದೆ, ಆಮೇಲೆ ನಾನು, ನನ್ನ ಹಿಂದೆ ಅರ್ಧ ಊರು.

“ಕಿತ್ತು ತೆಗೀರಿ ನರ್ಸಮ್ಮಾ!”

ದೇಲು ಬೆಚ್ಚಿದಳು. “ನಾನು ಹಾಕೇ ಇಲ್ವಲ್ಲಪ್ಪಾ!”

“ಮತ್ಯಾರು ಹಾಕಿದ್ದು?”

ದೇಲು ಪಟ್ಟಿ ಎಳೆದಳು. ಎರಡು ಬೆಂಕಿಕಡ್ಡಿಗಳು ನೆಲಕ್ಕೆ ಬಿದ್ದವು, ಕೆಂಪು ತಲೆಯ ಸಮೇತ. ತೋಳಿನ ಮೇಲೆ ಒಂದು ಗೀರೂ ಇಲ್ಲ.

ಶೈಬು ಬಗ್ಗಿ ಒಂದು ಕಡ್ಡಿ ಎತ್ತಿ ತಿರುಗಿಸಿ ನೋಡಿದ.

“ಅತ್ತೆ ಮಗನೇ, ಸಿಟ್ಟು ಬಂತಾ?” ಎಂದಳು ರಕಿಯಾ.

ಅವಳು ಅವನ ಸೋದರಮಾವನ ಮಗಳು. ಅಂಥವರು ಒಬ್ಬರನ್ನೊಬ್ಬರು ಎಷ್ಟೇ ಗೋಳು ಹೊಯ್ದುಕೊಂಡರೂ ನಮ್ಮಲ್ಲಿ ಸಿಟ್ಟಾಗುವಂತಿಲ್ಲ. ಮದುವೆಯಾದರೂ ಅಷ್ಟೇ. ಸಿಟ್ಟಾದವರು ಕೇಳಿದ ದಂಡ ತೆರಬೇಕು. ಇಲ್ಲಿ ಅರ್ಧ ಊರೇ ಸಾಕ್ಷಿ.

“ಏನ್ ಬೇಕು, ಟಗರಾ?” ಅವನ ದನಿ ಇಳಿದಿತ್ತು.

“ಟಗರು ನೀನೇ ಇಟ್ಕೋ. ಆವತ್ತು ಹೆರಿಗೆಲಿ ಈ ಮಂಚದ ಹತ್ರ ನನ್ನ ಕೈ ಹಿಡ್ಕೊಂಡು ಅತ್ತಿದ್ದೆ. ಇನ್ನೊಂದ್ಸಲ ನಿನ್ನ ಅಳಿಸೋಕೆ ನನ್ನಿಂದಾಗಲ್ಲ. ನಿಜವಾದ ಕಡ್ಡಿ ಹಾಕಿಸು.”

ಶೈಬು ಮಂಚವನ್ನು ನೋಡಿದ. ಕಣ್ಣೊರೆಸಿಕೊಂಡ.

“ಹೂಂ. ಹಾಕಿ ನರ್ಸಮ್ಮಾ,” ಎಂದವನು ತನ್ನ ಬರಿಗಾಲನ್ನು ನೋಡಿಕೊಂಡ. “ಅಯ್ಯಯ್ಯೋ, ಬೆಂಕಿಕಡ್ಡಿ ನೋಡಿ ಊರನ್ನೇ ಎಬ್ಬಿಸಿಬಿಟ್ಟೆನಲ್ಲೇ!”

ಹೊಟ್ಟೆ ಹಿಡಿದು ಅವನು ನಕ್ಕ ಅಬ್ಬರಕ್ಕೆ ರಕಿಯಾಳ ಬೆನ್ನ ಮೇಲಿನ ಕೂಸು ಬೆಚ್ಚಿ ಅತ್ತಿತು. ಆ ಗದ್ದಲದಲ್ಲಿ ನಮ್ಮ ಯಾರ ನಗುವೂ ಕೇಳಿಸಲಿಲ್ಲ.