ಮೂಡಲಗಿಗೆ ತಿಜೋರಿ ಬಂದ ದಿನ

ಬೆಳಗಾವಿಯ ಕಾಮರ್ಸ್ ಕಾಲೇಜಿನಲ್ಲಿ ಓದುತ್ತಿದ್ದ ಹತ್ತರಗಿಯ ಸಾತಪ್ಪನಿಗೆ ಬೇಸಿಗೆ ರಜೆಯಲ್ಲಿ ಗೋಕಾಕದ ಒಂದು ಸಹಕಾರಿ ಬ್ಯಾಂಕಿನಲ್ಲಿ ತಿಂಗಳ ತರಬೇತಿ ಸಿಕ್ಕಿತು. ಪಗಾರವಿಲ್ಲ, ಕೂರಲು ಸ್ವಂತದ್ದೊಂದು ಕುರ್ಚಿಯೂ ಇಲ್ಲ. ಆದರೂ ಮೊದಲ ದಿನದಿಂದ ಅವನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಚೀಟಿಗಳಿಗೆ ಶಿಕ್ಕಾ ಒತ್ತುವ ಕೆಲಸ ಕೊಟ್ಟರೆ ಅದರ ಸಪ್ಪಳ ರಸ್ತೆಯವರೆಗೆ ಕೇಳುತ್ತಿತ್ತು. ಮ್ಯಾನೇಜರ್ ಕುಂಥುನಾಥರು ಒಳಗಿನ ಕೋಣೆಯಿಂದಲೇ, "ಸಾವಕಾಶ ಒತ್ತೋ ಮಾರಾಯಾ, ಟೇಬಲ್ ಬ್ಯಾಂಕಿಂದು" ಎನ್ನುತ್ತಿದ್ದರು.

ಅವನ ಖುಷಿಗೆ ಕಾರಣವಿತ್ತು. ಹತ್ತರಗಿಯಲ್ಲಿ ಅವನ ಮನೆ ಊರ ಹೊರಗಿನ ಓಣಿಯಲ್ಲಿತ್ತು. ಆರೇಳು ವರ್ಷದ ಹಿಂದೆ ಆ ಓಣಿಯವರೆಲ್ಲ ಒಂದೇ ದಿನ ಬೌದ್ಧರಾಗಿದ್ದರು. ಊರಿನ ಅಂಗಡಿಕಾರರು ಮಾತ್ರ ಈಗಲೂ ಅವನ ಅಪ್ಪನಿಗೆ ಸಾಮಾನನ್ನು ದೂರದಿಂದಲೇ ಇಡುತ್ತಿದ್ದರು. ಬ್ಯಾಂಕಿನಲ್ಲಿ ಜನ ಸಾಲಾಗಿ ಬಂದು ಕಿಟಕಿಯೊಳಗೆ ಕೈ ಚಾಚಿ ಅವನಿಂದಲೇ ಚೀಟಿ ಇಸಿದುಕೊಳ್ಳುತ್ತಿದ್ದರು. ಅದನ್ನು ನೆನೆನೆನೆದು ಸಾತಪ್ಪ ರಾತ್ರಿ ತಾನು ಉಳಿದುಕೊಂಡಿದ್ದ ಧರ್ಮಶಾಲೆಯಲ್ಲಿ ಒಬ್ಬನೇ ನಗುತ್ತಿದ್ದ.

ಎರಡನೆಯ ವಾರ ಮೂಡಲಗಿಯಲ್ಲಿ ಬ್ಯಾಂಕಿನ ಹೊಸ ಶಾಖೆ ತೆರೆಯುವುದಿತ್ತು. ಮುಂಬಯಿಯಿಂದ ತರಿಸಿದ ತಿಜೋರಿ ಗೋಕಾಕದಲ್ಲಿತ್ತು. ಅದನ್ನು ಲಾರಿಯಲ್ಲಿ ಸಾಗಿಸಬೇಕಾಗಿತ್ತು. ಕುಂಥುನಾಥರು ಅತಿಥಿಗಳನ್ನು ಎದುರುಗೊಳ್ಳಲು ಬೆಳಗಿನ ಬಸ್ಸು ಹಿಡಿಯುವ ಮೊದಲು ಸಾತಪ್ಪನನ್ನು ಕರೆದರು.

"ಮೂಡಲಗಿ ಮುಟ್ಟೂ ತನಕಾ ನೀನs ಬ್ಯಾಂಕು. ತಿಳೀತಿಲ್ಲೋ? ತಿಜೋರಿ ಬಿಟ್ಟು ಕೆಳಗ ಇಳೀಬ್ಯಾಡ."

"ಇಳಿಯಂಗಿಲ್ರಿ ಸಾಹೇಬ್ರ."

"ಹನ್ನೆರಡರೊಳಗ ಅಧ್ಯಕ್ಷರು ರಿಬ್ಬನ್ ಕತ್ತರಿಸ್ತಾರ. ಅಷ್ಟರಾಗ ಬರೋಬರಿ ಬಾಗಲಕ್ಕ ಬಂದಿರಬೇಕು."

ಹಮಾಲರು ಹಲಗೆ ಹಾಕಿ, ಹಗ್ಗ ಕಟ್ಟಿ, ಒಬ್ಬರನ್ನೊಬ್ಬರು ಬೈದುಕೊಂಡು ತಿಜೋರಿಯನ್ನು ಲಾರಿಗೇರಿಸಿದರು. ಸಾತಪ್ಪ ಅದರ ನೆತ್ತಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ. ಡ್ರೈವರ್ ಹಣಮಂತ ಹೊಳೆಯ ಸೇತುವೆ ದಾಟುವಾಗ ಗಾಳಿ ಅಂಗಿಯೊಳಗೆ ಹೊಕ್ಕು ಸಾತಪ್ಪನನ್ನು ಬಲೂನಿನಂತೆ ಉಬ್ಬಿಸಿತು. ದಾರಿಯ ಮೇಲೆ ಹೋಗುತ್ತಿದ್ದವರಿಗೆಲ್ಲ ಅವನು ಕೈಯೆತ್ತಿ ನಮಸ್ಕಾರ ಮಾಡಿದ. ಎಮ್ಮೆ ಮೇಯಿಸುವವರಿಗೂ ಮಾಡಿದ.

ಅರಭಾವಿ ದಾಟಿ, ಏರು ಶುರುವಾಗುವ ಕಡೆ ಲಾರಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಹಣಮಂತ ಮೂತಿಗೆ ಹ್ಯಾಂಡಲ್ ಹಾಕಿ ತಿರುವಿದ, ಬಾನೆಟ್ ಎತ್ತಿ ನೋಡಿದ, ಮತ್ತೆ ತಿರುವಿದ. ಅಂಗಿ ತೊಯ್ದು ಮೈಗೆ ಅಂಟಿತೇ ಹೊರತು ಎಂಜಿನ್ ಮಿಸುಕಲಿಲ್ಲ.

"ಏರು ದಾಟಿಸಿದ್ರ ಇಳಿಜಾರಿನ್ಯಾಗ ತಾನs ಚಾಲೂ ಆಕ್ಕೈತಿ" ಎಂದ ಹಣಮಂತ. "ಆದ್ರ ಏರು ದಾಟಸಾವ್ರು ಯಾರು?"

ಅಷ್ಟರಲ್ಲಿ ಪಕ್ಕದ ಹೊಲಗಳಿಂದ ಜನ ಸೇರಿದ್ದರು. ಎಲ್ಲರಿಗಿಂತ ಮುಂದೆ ರಾಯವ್ವ ಎಂಬ ಗಟ್ಟಿ ಆಳಿನಂಥ ಹೆಂಗಸು. ಗಂಡ ತೀರಿಕೊಂಡ ಮೇಲೆ ಹೊಲ, ಎತ್ತು ಎಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು. ಅವಳು ಸೊಂಟದ ಮೇಲೆ ಕೈಯಿಟ್ಟು ಕತ್ತೆತ್ತಿ ನೋಡಿದಳು.

"ಏನಪಾ ತಮ್ಮಾ ಅದು? ದೇವರ ಪೆಟಗಿ ಏನು?"

"ಅಲ್ರಿ ಅಕ್ಕಾರ, ಬ್ಯಾಂಕಿನ ತಿಜೋರಿ."

"ಒಳಗ ಏನೈತಿ?"

ಸಾತಪ್ಪನಿಗೆ ಸುಳ್ಳು ಹೊಳೆಯಲಿಲ್ಲ. "ಏನೂ ಇಲ್ರಿ. ಖಾಲಿ ಐತಿ."

ರಾಯವ್ವ ನಕ್ಕ ನಗೆಗೆ ಬೇಲಿಯ ಮೇಲಿನ ಹಕ್ಕಿಗಳು ಹಾರಿದವು. "ಖಾಲಿ ಡಬ್ಬೀ ಕಾಯಾಕ ಮ್ಯಾಲ ಹತ್ತಿ ಕುಂತೀಯಾ?"

"ಇವತ್ತು ಖಾಲಿ ಐತ್ರಿ. ನಾಳೆ ನಿಮ್ದs ಇರಬಹುದು" ಎಂದ ಸಾತಪ್ಪ. ಎರಡು ವಾರದಲ್ಲಿ ಕಲಿತಿದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು. ಕೂತಲ್ಲಿಂದಲೇ ಅವನು ಉಳಿತಾಯದ ಖಾತೆ ಎಂದರೇನು, ಬಡ್ಡಿ ಹೇಗೆ ಕೂಡುತ್ತದೆ ಎಂದು ಹೇಳಿದ. ಹೆಂಗಸರು ತಮ್ಮದೇ ಹೆಸರಿನಲ್ಲಿ ಖಾತೆ ತೆಗೆಯಬಹುದು, ಅದನ್ನು ಅವರ ಹೊರತು ಗಂಡನೂ ಮುಟ್ಟುವಂತಿಲ್ಲ ಎಂದಾಗ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಗಸರು ಲಾರಿಗೆ ಇನ್ನಷ್ಟು ಹತ್ತಿರ ಸರಿದರು.

"ಮೈದುನಗೋಳು ಮುಟ್ಟಂಗಿಲ್ಲೇನು?" ರಾಯವ್ವ ಕೇಳಿದಳು.

"ಮೈದುನರಲ್ಲ, ಮ್ಯಾನೇಜರೂ ಮುಟ್ಟಂಗಿಲ್ರಿ."

ರಾಯವ್ವ ತಿರುಗಿ, "ನಮ್ಮ ಎತ್ತು ಹೊಡಕೊಂಡ ಬರ್ರೆಲೇ" ಎಂದು ಆಳುಗಳಿಗೆ ಕೂಗಿದಳು.

ಬೇಸಿಗೆಯಾದ್ದರಿಂದ ಎತ್ತುಗಳಿಗೆ ಕೆಲಸವಿರಲಿಲ್ಲ, ಜನಕ್ಕೂ ಇರಲಿಲ್ಲ. ನೋಡನೋಡುವಷ್ಟರಲ್ಲಿ ಮೂರು ಜೋಡಿ ಬಂದವು. ಕೊನೆಗೆ ಲಗಮಪ್ಪನೆಂಬ ಮುದುಕ ತನ್ನ ಕಿಲಾರಿ ಜೋಡಿಯನ್ನು ಹಿಡಿದುಕೊಂಡು ಬಂದ. ಆ ಸೀಮೆಯಲ್ಲೇ ಹೆಸರಾದ ಎತ್ತುಗಳು, ಬೆಳ್ಳಗೆ ತೊಳೆದಿಟ್ಟಂತಿದ್ದವು. ಹಣಮಂತ ಸರಪಳಿ ಕಟ್ಟುತ್ತಿದ್ದಾಗ ಮುದುಕ ಮೇಲೆ ನೋಡಿದ.

"ಯಾವ ಊರು ತಮ್ಮಾ? ಯಾರ ಪೈಕಿ?"

"ಹತ್ತರಗಿ ರಿ. ನಾವು ಬೌದ್ಧರು."

ಲಗಮಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಎತ್ತುಗಳ ಹಗ್ಗ ಬಿಚ್ಚಿಕೊಂಡು ಹೊಲದ ಕಡೆ ಹೊರಟ. ಸಾತಪ್ಪನಿಗೆ ಕೆಳಗಿಳಿದು ಎತ್ತಲಾದರೂ ನಡೆದುಬಿಡಬೇಕೆನಿಸಿತು. ಆದರೆ ಇಳಿಯುವುದಿಲ್ಲವೆಂದು ಮಾತು ಕೊಟ್ಟಿದ್ದ. ತಿಜೋರಿಯ ಅಂಚನ್ನು ಹಿಡಿದುಕೊಂಡು ಅಲ್ಲೇ ಕುಳಿತ.

ರಾಯವ್ವ ಮಾತ್ರ ಏನೂ ಆಗದವಳಂತೆ, "ಹೋದ್ರ ಹೋಗವಲ್ಲನ್ಯಾಕ. ನನ್ನ ಎತ್ತು ಮುಂದ ಕಟ್ಟಪಾ ಹಣಮಂತಾ. ಲಗಮಪ್ಪಕಾಕಾನ ಎತ್ತಿಗಿ ಏರು ಹತ್ತೂ ದಮ್ಮು ಈಗೆಲ್ಲೈತಿ, ವಯಸ್ಸಾದವು" ಎಂದು ಹೊಲಕ್ಕೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

ಮುದುಕ ನಿಂತ. ಹಿಂದಿರುಗಿ ನೋಡಿದ. ಅವನ ಎತ್ತುಗಳ ಜಾಗದಲ್ಲಿ ರಾಯವ್ವನ ಕುಳ್ಳ ಎತ್ತುಗಳು ನಿಲ್ಲುತ್ತಿದ್ದವು. ಅದನ್ನು ನೋಡಿ ಸಹಿಸುವುದು ಅವನಿಂದಾಗಲಿಲ್ಲ. ಪಂಚೆ ಎತ್ತಿ ಕಟ್ಟಿ, ಎತ್ತುಗಳೊಂದಿಗೆ ಓಡುತ್ತ ಬಂದ.

"ಸರೀರಿ, ಸರೀರಿ. ಯಾವ ಮಗ ಹೇಳ್ಯಾನ ವಯಸ್ಸಾದವು ಅಂತ. ಮುಂದ ನಮ್ಮವs ಇರಬೇಕು."

ಯಾರೂ ನಗಲಿಲ್ಲ. ನಕ್ಕರೆ ಮುದುಕ ಮತ್ತೆ ಹೋದಾನು ಎಂದು ಎಲ್ಲರೂ ಸೆರಗು, ಟುವಾಲುಗಳನ್ನು ಬಾಯಿಗೆ ಒತ್ತಿಕೊಂಡಿದ್ದರು. ಸಾತಪ್ಪ ಆಕಾಶ ನೋಡುತ್ತ ತುಟಿ ಕಚ್ಚಿದ.

ನಾಲ್ಕು ಜೋಡಿ ಎತ್ತು ಒಮ್ಮೆಲೇ ಹೆಗಲು ಕೊಟ್ಟವು. ಲಾರಿ ಕಿರುಗುಟ್ಟಿತು, ಅಲುಗಿತು, ಏರತೊಡಗಿತು. ಹಿಂದಿನಿಂದ ಜನ ನೂಕಿದರು. ಯಾರೋ ಒಬ್ಬ ಹಲಗೆಯ ವಾದ್ಯ ತಂದು ಬಾರಿಸತೊಡಗಿದ. ಏರು ದಾಟಿತು, ಇಳಿಜಾರು ಬಂತು. ಎಂಜಿನ್ ಮಾತ್ರ ಚಾಲೂ ಆಗಲಿಲ್ಲ. ಅಷ್ಟೊತ್ತಿಗೆ ಆ ವಿಚಾರ ಯಾರಿಗೂ ಬೇಕಾಗಿರಲಿಲ್ಲ. ಮೂಡಲಗಿಯವರೆಗೂ ಎಳೆದೇ ಬಿಡೋಣ ಎಂದರು. ದಾರಿಯ ಬದಿಯ ವಸ್ತಿಗಳಿಂದ ಬಂದ ಹೆಂಗಸರು ಎತ್ತುಗಳ ಹಣೆಗೆ ಕುಂಕುಮ ಹಚ್ಚಿದರು. ಲಾರಿಗೂ ಹಚ್ಚಿದರು. ರಾಯವ್ವ ಲಾರಿ ಏರಿ ತಿಜೋರಿಯ ಬಾಜೂ ನಿಂತು, ಸಾತಪ್ಪನ ಕೈಗೆ ಒಂದು ಮುಷ್ಟಿ ಹುರಿದ ಶೇಂಗಾ ಹಾಕಿದಳು. ಬಿಸಿಲು, ಧೂಳು, ಹಲಗೆಯ ಸಪ್ಪಳ, ಎತ್ತಿನ ಗೆಜ್ಜೆ ಎಲ್ಲ ಸೇರಿ ಸಾತಪ್ಪನಿಗೆ ತಲೆ ತಿರುಗಿದಂತಾಯಿತು. ಶೇಂಗಾ ತಿನ್ನುತ್ತ ಅವನು ಸುಮ್ಮಸುಮ್ಮನೆ ನಗುತ್ತಿದ್ದ.

ಮೂಡಲಗಿಯ ಪೇಟೆಯಲ್ಲಿ ಬ್ಯಾಂಕಿನ ಮುಂದೆ ಅರ್ಧ ರಸ್ತೆಗೆ ಹಂದರ ಹಾಕಿದ್ದರು. ಹಂದರದ ಎರಡು ಕಂಬಗಳ ನಡುವೆ ಕೆಂಪು ರಿಬ್ಬನ್. ಕತ್ತರಿ ಹಿಡಿದು ನಿಂತ ಅಧ್ಯಕ್ಷರು ಭಾಷಣ ಮುಗಿಸುವುದರಲ್ಲಿದ್ದರು. ಪಕ್ಕದಲ್ಲಿ ಮಾಲೆ ಹಿಡಿದ ಕುಂಥುನಾಥರು ಗಳಿಗೆಗೊಮ್ಮೆ ಗೋಕಾಕದ ರಸ್ತೆಯ ಕಡೆ ನೋಡುತ್ತಿದ್ದರು. ಅವರಿಗೆ ಮೊದಲು ಧೂಳು ಕಂಡಿತು, ಆಮೇಲೆ ಎತ್ತು, ಎತ್ತುಗಳ ಹಿಂದೆ ಲಾರಿ, ಲಾರಿಯ ಮೇಲೆ ತಿಜೋರಿ, ಅದರ ಮೇಲೆ ಶೇಂಗಾ ತಿನ್ನುತ್ತಿದ್ದ ಬ್ಯಾಂಕು.

ಹಣಮಂತ ಅದೇ ಹೊತ್ತಿಗೆ ಕೊನೆಯದೊಂದು ಸಲ ನೋಡೋಣವೆಂದು ಗೇರ್ ಹಾಕಿದ. ತೋಪು ಹಾರಿಸಿದಂಥ ಸಪ್ಪಳವಾಗಿ ಎಂಜಿನ್ ಚಾಲೂ ಆಯಿತು.

ಎತ್ತುಗಳು ಬೆಚ್ಚಿ ಓಟ ಕಿತ್ತವು. ಜನ ಅಂಗಡಿಗಳೊಳಗೆ ಹಾರಿಕೊಂಡರು. ಲಗಮಪ್ಪನ ಬಿಳಿ ಜೋಡಿ ಸರಪಳಿ ಕಳಚಿಕೊಂಡು ನೇರವಾಗಿ ಹಂದರದೊಳಕ್ಕೆ ನುಗ್ಗಿ ರಿಬ್ಬನ್ ಹರಿದುಕೊಂಡು ಆಚೆ ಕಡೆಯಿಂದ ಹೊರಬಿತ್ತು. ಲಾರಿ ಉಳಿದ ಎತ್ತುಗಳ ಹಿಂದೆ ಹಂದರದ ಪಕ್ಕದಿಂದ ಓಡಿತು. ಸಾತಪ್ಪನ ಕಣ್ಣಮುಂದೆ ಬ್ಯಾಂಕಿನ ಬೋರ್ಡು, ಅಧ್ಯಕ್ಷರ ಕತ್ತರಿ, ಕುಂಥುನಾಥರ ತೆರೆದ ಬಾಯಿ ಒಂದಾದಮೇಲೊಂದು ಹಿಂದೆ ಸರಿದುಹೋದವು. "ಸಾಹೇಬ್ರ, ನಾ ಇಳದಿಲ್ರಿ" ಎಂದು ಅವನು ಕೂಗಿ ಹೇಳಿದ. ಕುಂಥುನಾಥರು ಮಾಲೆ ಹಿಡಿದುಕೊಂಡೇ ಲಾರಿಯ ಹಿಂದೆ ಓಡಿದರು.

ಪೇಟೆಯ ಕೊನೆಯಲ್ಲಿ ಹಣಮಂತ ಬ್ರೇಕ್ ಒತ್ತಿ, ಲಗಮಪ್ಪ ಮೂಗುದಾರ ಹಿಡಿದು, ಅಂತೂ ಎಲ್ಲ ನಿಂತಿತು. ಯಾರಿಗೂ ಒಂದು ತರಚು ಗಾಯವೂ ಆಗಿರಲಿಲ್ಲ. ಬಿಳಿ ಎತ್ತಿನ ಕೊಂಬಿಗೆ ಕೆಂಪು ರಿಬ್ಬನ್ ಸುತ್ತಿಕೊಂಡಿತ್ತು. ಕುಂಥುನಾಥರು ಏದುಸಿರು ಬಿಡುತ್ತ ಬಂದು ಬಾಯಿ ತೆರೆದರು. ಬೈಗುಳ ಯಾವುದರಿಂದ ಶುರುಮಾಡಬೇಕೆಂದು ತಿಳಿಯದೆ, ಮಾಲೆಯನ್ನು ಎತ್ತಿನ ಕೊರಳಿಗೆ ಹಾಕಿಬಿಟ್ಟರು. ಹಿಂದೆ ಬಂದ ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಉದ್ಘಾಟನಾ ಆತ್ರಿ ಕುಂಥುನಾಥರ. ಬಾಗಲಾ ತಗೀರಿ ಇನ್ನ."

ಮೊದಲ ಖಾತೆ ಊರಿನ ದೊಡ್ಡ ವ್ಯಾಪಾರಿಯದೆಂದು ಮೊದಲೇ ನಿಗದಿಯಾಗಿತ್ತು. ಆದರೆ ಅವರು ಇನ್ನೂ ಯಾವುದೋ ಅಂಗಡಿಯಲ್ಲಿ ಅಡಗಿದ್ದರು. ತಿಜೋರಿ ಬ್ಯಾಂಕಿನ ಬಾಗಿಲಿಗೆ ಬಂದ ಮೇಲೆ ಸಾತಪ್ಪ ಇಳಿದು ಕಿಟಕಿಯ ಹಿಂದೆ ಕೂತ. ರಾಯವ್ವ ನೇರವಾಗಿ ಒಳಗೆ ಬಂದು ಕಿಟಕಿಯ ಮುಂದೆ ನಿಂತಳು. ಲಗಮಪ್ಪ ಅವಳ ಬೆನ್ನಿಗೇ ಬಂದು, ಬ್ಯಾಂಕು ತೆರೆದದ್ದು ತನ್ನ ಎತ್ತು, ಮೊದಲ ಹೆಸರು ತನ್ನದೇ ಆಗಬೇಕೆಂದು ಹಟ ಹಿಡಿದ.

"ಎತ್ತಿನ ಹೆಸರಲೆ ತಗೀಲೇನ್ರಿ?" ಸಾತಪ್ಪ ಕೇಳಿದ.

ಲಗಮಪ್ಪ ಅದನ್ನು ಸ್ವಲ್ಪ ಹೊತ್ತು ಖರೆಖರೆ ಯೋಚಿಸಿದ. ಆಮೇಲೆ, "ಆಕೀದs ಮೊದಲ ಆಗ್ಲಿ. ನನ್ನ ಎತ್ತಿಗಿ ಮುಂದಿನ ಜಾಗಾ ಬಿಟ್ಟುಕೊಟ್ಟಾಳ" ಎಂದ.

ರಾಯವ್ವ ಸಹಿ ಮಾಡಬಲ್ಲವಳಾಗಿದ್ದಳು, ದೊಡ್ಡ ದೊಡ್ಡ ಅಕ್ಷರಗಳಲ್ಲಿ ನಾಲಿಗೆ ಹೊರಚಾಚಿ ಬರೆದಳು. ಲಗಮಪ್ಪನಿಗೆ ಬರುತ್ತಿರಲಿಲ್ಲ. ಸಾತಪ್ಪ ಮಸಿಯ ಡಬ್ಬಿ ಮುಂದೆ ಸರಿಸಿ, ಕೈ ಚಾಚಿ ಕಾದ. ಮುದುಕ ಆ ಕೈಯನ್ನು ನೋಡಿದ, ಬಾಗಿಲ ಹೊರಗೆ ಮಾಲೆ ಹಾಕಿಕೊಂಡು ನಿಂತ ತನ್ನ ಎತ್ತನ್ನು ನೋಡಿದ, ಹೆಬ್ಬೆರಳು ಮುಂದೆ ಮಾಡಿದ. ಸಾತಪ್ಪ ಅದನ್ನು ಹಿಡಿದು ಒತ್ತಿದ. ಬಿಸಿಲಿಗೆ ಒಣಗಿದ ಒರಟು ಬೆರಳು.

"ಜೋರಾಗಿ ಒತ್ತೋ, ಮೂಡಬೇಕಲ್ಲ" ಎಂದ ಲಗಮಪ್ಪ.

ಉಳಿದ ಎರಡು ವಾರ ಸಾತಪ್ಪ ಮೂಡಲಗಿಯಲ್ಲೇ ಇರಬೇಕೆಂದು ಕುಂಥುನಾಥರು ಅಲ್ಲೇ ಹೇಳಿದರು. ಹೊಲದ ಹೆಂಗಸರು ಗುಂಪುಗುಂಪಾಗಿ ಒಳಬರುತ್ತಿದ್ದುದನ್ನು ಅವರು ಆಗಲೇ ನೋಡಿದ್ದರು. ಆ ಸಂಜೆ ಸಾತಪ್ಪ ತನ್ನ ಹಾಸಿಗೆ ತರಲೆಂದು ಗೋಕಾಕಕ್ಕೆ ಹೊರಟ ಬರಿದಾದ ಲಾರಿಯಲ್ಲಿ ಹಿಂದೆ ನಿಂತುಕೊಂಡ. ಕೂರಲು ಬೇಕಾದಷ್ಟು ಜಾಗವಿತ್ತು, ಕೂರಲು ಮನಸ್ಸಾಗಲಿಲ್ಲ. ಹಣಮಂತ ಏನೋ ಕೂಗಿ ಕೇಳಿದ, ಗಾಳಿಯಲ್ಲಿ ಕೇಳಿಸಲಿಲ್ಲ. ಏನಾದರೂ ಇರಲಿ ಎಂದು ಸಾತಪ್ಪ, "ಹೂಂ ರಿ" ಎಂದ. ಲಾರಿ ಇನ್ನೂ ಜೋರಾಗಿ ಓಡಿತು.