ಹಳದಿ ಹಸುವಿನ ಹೆಸರು

ವೇಣು ಕೆಚ್ಚಲಿಗೆ ಮತ್ತೊಮ್ಮೆ ನೀರು ಚಿಮುಕಿಸಿ ಕೈ ಹಾಕಿದ. ಹಸು ಝಾಡಿಸಿ ಒದೆಯಿತು; ಚೊಂಬು ಗೋದಲಿಯವರೆಗೂ ಉರುಳಿಹೋಯಿತು.

"ಅವ್ವನ್ನ ಬಿಟ್ರೆ ಯಾರ್ಗೂ ಆಲು ಇಳಿಸಲ್ಲ ಇದು" ಎಂದು ಗೊಣಗಿದ.

ರಾತ್ರಿ ತೀರಿಕೊಂಡಿದ್ದ ಅವನ ಅವ್ವ ಪೆದ್ದಮ್ಮನ ದೇಹವನ್ನು ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಮಣ್ಣಿಗೆ ಹೊರಡುವ ಮುಂಚೆ ಮನೆಯವರು ಬಾಯಿಗೆ ಹಾಲು ಬಿಡಬೇಕು. ಯಾರೋ ಬೇತಮಂಗಲದಿಂದ ಪಾಕೆಟ್ ಹಾಲು ತಂದಿದ್ದರು. ಪೆದ್ದಮ್ಮನ ತಂಗಿ ಅಕ್ಕಯ್ಯಮ್ಮ ಅದನ್ನು ಮುಟ್ಟಲೂ ಬಿಡಲಿಲ್ಲ.

"ಪಾಕೆಟ್ಟಾ? ಬದುಕಿರೋಗಂಟ ಅದ್ನ ಸುಣ್ಣದ ನೀರು ಅಂತಿದ್ಳು. ನನ್ನ ಅಸೀನ ಆಲೇ ಬಿಡ್ರೇ ಅಂತ ಅದೊಂದೇ ಕೇಳಿದ್ದು, ಪಾಪ."

ಬಂಗಾರಪೇಟೆಯಲ್ಲಿ ರೈಲಿಳಿದು ಆಗಷ್ಟೇ ಬಂದಿದ್ದ ವೇಣುವಿನ ಮಗಳು ಕಲಾ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಅಜ್ಜಿ ಕೇಳಿದ್ದು ಅದೊಂದೇ, ಅದೂ ಆಗದೆ ಹೋಗುತ್ತದಲ್ಲ ಎಂದು ಅವಳಿಗೆ ಸಂಕಟವಾಯಿತು.

*

ಕಳೆದ ಬೇಸಿಗೆಯ ರಜೆ. ಮೈಸೂರಿನಲ್ಲಿ ಭಾಷಾಶಾಸ್ತ್ರ ಓದುತ್ತಿದ್ದ ಕಲಾ, ಪೆರು ದೇಶದ ಬೆಟ್ಟದವರ ಕೆಚುವಾ ಭಾಷೆಯನ್ನು ಫೋನಿನಲ್ಲಿ ಕೇಳಿ ಕೇಳಿ ಕಲಿಯುತ್ತಿದ್ದಳು. ವೇಣುವಿಗೆ ಅದು ಕೆಲಸಕ್ಕೆ ಬಾರದ ಹುಚ್ಚು. ಅಜ್ಜಿ ಮಾತ್ರ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದಳು.

"ನಮ್ಮಂಗೇ ಕ್ರಿಯಾಪದ ಕೊನೇಗೆ ಬರ್ತದೆ ಅಜ್ಜಿ. ಕಣ್ಣಾರೆ ಕಂಡಿದ್ರೆ ಒಂದು ಬಾಲ, ಬೇರೆಯವ್ರಿಂದ ಕೇಳಿದ್ರೆ ಇನ್ನೊಂದು ಬಾಲ ಅಂಟಿಸ್ತಾರೆ."

"ನಾವು ‘ಬಂದ್ನಂತೆ, ಓದ್ನಂತೆ’ ಅನ್ನಲ್ವಾ? ಚಾಡಿ ಏಳಕ್ಕೆ ಒಳ್ಳೇ ಬಾಸೆ ಕಣೇ!"

ಹಳದಿಗೆ ಅವರು ‘ಕ್ಕಿಲ್ಯು’ ಎನ್ನುತ್ತಾರೆ. ಮೊದಲ ಸದ್ದು ಗಂಟಲಾಳದಲ್ಲಿ ಉಸಿರು ತಡೆದು, ಬಿರಡೆ ಕಿತ್ತಂತೆ ಸಿಡಿಯಬೇಕು. ಕಲಾಳಿಗೆ ವಾರವಾದರೂ ಬರಲಿಲ್ಲ. ಬೊಚ್ಚುಬಾಯಿಯ ಅಜ್ಜಿ ಟಪ್ಪೆಂದು ಸಿಡಿಸಿಬಿಟ್ಟಳು. ಕೊಟ್ಟಿಗೆಯ ಹಸು ಕತ್ತೆತ್ತಿ ನೋಡಿತು.

"ನೋಡು, ಇವ್ಳೂ ಅಳದೀನೇ. ಇನ್ಮ್ಯಾಕೆ ಇದೇ ಎಸ್ರು ಇವ್ಳಿಗೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆಮೇಲೆ ದಿನಾ ಹಾಲು ಕರೆಯುವ ಮುಂಚೆ ಅಜ್ಜಿ ಹಸುವಿನ ಕಿವಿಯಲ್ಲಿ ಆ ಹೆಸರನ್ನು ಸಿಡಿಸುತ್ತಿದ್ದಳು.

*

"ಅಪ್ಪಾ, ತಮಟೆ ಒಸಿ ನಿಲ್ಸಕ್ಕೇಳು" ಎಂದಳು ಕಲಾ. ಅಂಗಳದಲ್ಲಿ ಬಡಿಯುತ್ತಿದ್ದ ಸಾವಿನ ತಮಟೆ ನಿಂತಿತು.

ಅವಳು ಹಸುವಿನ ಕಿವಿಯ ಬಳಿ ಬಗ್ಗಿದಳು. ಅಳು ಒತ್ತಿ ಬಂದು ಮೊದಲ ಸಲ ಬರೀ ಗಾಳಿ ಹೊರಟಿತು. ಎಂಜಲು ನುಂಗಿ, ಉಸಿರು ಬಿಗಿಹಿಡಿದು ಮತ್ತೆ ಕರೆದಳು.

"ಕ್ಕಿಲ್ಯು."

ಹಸುವಿನ ಕಿವಿ ನಿಮಿರಿತು. ಅದು ಕಲಾಳನ್ನು ದಾಟಿ ಜಗಲಿಯ ಕಡೆ ನೋಡಿತು. ಆಮೇಲೆ ಮೈ ಸಡಿಲಿಸಿ ನಿಂತಿತು. ವೇಣುವಿನ ಕೈಯಲ್ಲಿದ್ದ ಚೊಂಬಿನೊಳಗೆ ಹಾಲು ಸೊರ್ರೆಂದಿತು.

"ಏನಂದೆ ಮಗಾ ಅದ್ಕೆ?"

"ಅದ್ರ ಎಸ್ರು, ಅಪ್ಪಾ. ಅಜ್ಜಿ ಇಟ್ಟಿದ್ದು."

ವೇಣು ಎದ್ದು ನಿಂತ. ಚೊಂಬನ್ನು ಮಗಳ ಕೈಗೇ ಕೊಟ್ಟ.

ಕಲಾ ನೊರೆಹಾಲಿಗೆ ತುಳಸಿ ಎಲೆ ಅದ್ದಿ ಅಜ್ಜಿಯ ಬಾಯಿಗೆ ಬಿಟ್ಟಳು. ಒಂದು ಹನಿ ತುಟಿಯಂಚಿನಲ್ಲಿ ನಿಂತಿತು. ಆ ಬೊಚ್ಚುಬಾಯಿಯ ತುಟಿಗಳು ಬಿಗಿಯಾಗಿ ಮುಚ್ಚಿದ್ದವು, ಇನ್ನೇನು ಟಪ್ಪೆಂದು ಸಿಡಿಸುವವಳ ಹಾಗೆ.